ಬಾಲ ನೋಡ್ರಿ ಸರ

ಎಲ್ಲರಿಗೂ ನಮಸ್ಕಾರ.

ಕೆಜಿಎಫ್‌ನಲ್ಲಿ ನಿಂತು ಚಿನ್ನದ ಗಣಿ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ, ತಾತ ಮೂರು ಕಿಲೋಮೀಟರ್ ಆಳಕ್ಕೆ ಇಳಿದು ದುಡಿದವರು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಇಲ್ಲಿಂದ ಹೋದ ಸುಮಾರು 800 ಟನ್ ಚಿನ್ನದ ಕಥೆ ಎಲ್ಲರೂ ಹೇಳುತ್ತಾರೆ. ನಾನು ಇಲ್ಲೇ ಉಳಿದದ್ದರ ಬಗ್ಗೆ ಮಾತಾಡಬೇಕು ಅಂತ ಬಂದಿದ್ದೇನೆ. ಯಾವ ಮನೆಯ ಮಾಳಿಗೆ ಹತ್ತಿದರೂ ಕಾಣುವ, ಚಿನ್ನ ತೆಗೆದ ಮೇಲೆ ಉಳಿದ ಹಿಟ್ಟಿನ ರಾಶಿ, ಆ ಸೈನೈಡ್ ದಿಬ್ಬಗಳ ಬಗ್ಗೆ.

ಮೊದಲು ಹಟ್ಟಿಯ ಒಂದು ಸಂಗತಿ ಹೇಳುತ್ತೇನೆ. ಖನಿಜ ಬೇರ್ಪಡಿಸುವ ಸಂಶೋಧನೆಗೆ ನಾನು ಸೇರಿದ ಹೊಸತು. ಸ್ಯಾಂಪಲ್ ತರಲು ರಾಯಚೂರು ಜಿಲ್ಲೆಯ ಹಟ್ಟಿಗೆ ಹೋಗಿದ್ದೆ. ಮಿಲ್ ಒಳಗೆ ಪಕ್ಕದವರ ಮಾತೂ ಕೇಳದಷ್ಟು ಸದ್ದು. ಅಲ್ಲೊಬ್ಬ ಹಿರಿಯರು ಬಾಣಲೆಯಲ್ಲಿ ಕೆಸರು ಹಿಡಿದು ನೀರಲ್ಲಿ ಆಡಿಸುತ್ತಿದ್ದರು. ಮನೆಯಲ್ಲಿ ಅಕ್ಕಿ ಜಾಲಿಸುತ್ತಾರಲ್ವಾ, ಥೇಟ್ ಹಾಗೆ. ಅಲ್ಲಿ ಅಕ್ಕಿ ತೇಲಿಹೋಗಿ ಕಲ್ಲು ಉಳಿಯುತ್ತದೆ. ಇಲ್ಲಿ ಕಲ್ಲು ಹೋಗಿ ಚಿನ್ನ ಉಳಿಯಬೇಕು. ಚಿನ್ನ ನೀರಿಗಿಂತ 19 ಪಟ್ಟು ಭಾರ, ಅದು ಹುದುಗಿರುವ ಬಿಳಿಕಲ್ಲು ಮೂರು ಪಟ್ಟೂ ಇಲ್ಲ. ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹೀಗೇ ಚಿನ್ನ ಹುಡುಕುತ್ತಿದ್ದವರನ್ನು ಜಾಲಗಾರರು ಅಂತಲೇ ಕರೆಯುತ್ತಿದ್ದರು.

ಆದರೆ ಆ ಹಿರಿಯರು ಜಾಲಿಸುತ್ತಿದ್ದದ್ದು ಮಿಲ್‌ಗೆ ಬರುವ ಅದಿರನ್ನಲ್ಲ, ಚಿನ್ನ ತೆಗೆದು ಹೊರಗೆ ಬಿಡುವ ಕೆಸರನ್ನು. ಅದಕ್ಕೆ ಟೇಲಿಂಗ್ಸ್ ಅನ್ನುತ್ತಾರೆ, ಬಾಲ. ಇದನ್ನ್ಯಾಕೆ ನೋಡುತ್ತೀರಿ ಅಂತ ಕೇಳಿದೆ. "ಬರೋದು ಎಲ್ಲಾರೂ ನೋಡ್ತಾರ್ರಿ. ಬಾಲ ನೋಡ್ರಿ ಸರ, ಬಾಲ" ಅಂದರು. ಬಾಣಲೆಯ ಅಂಚಲ್ಲಿ ರಾಗಿ ಕಾಳಿಗಿಂತ ಎಷ್ಟೋ ಸಣ್ಣ ಹಳದಿ ಚುಕ್ಕೆ ಉಳಿದಿತ್ತು. ನನಗೆ ಖುಷಿಯೋ ಖುಷಿ. ಅವರ ಮುಖ ಮಾತ್ರ ಗಂಟಿಕ್ಕಿತು. "ಅರೆಯೋದು ದಪ್ಪ ಆಗೇದ" ಅಂತ ಸೀದಾ ಅದಿರು ಅರೆಯುವ ಬಾಲ್ ಮಿಲ್ ಕಡೆ ನಡೆದರು.

ನನ್ನ ಇಷ್ಟು ವರ್ಷದ ಕೆಲಸ ಆ ಒಂದು ಮಾತಿನ ಹಿಂದೆಯೇ ಹೋಗಿದೆ.

ಯಾಕೆ ನುಣ್ಣಗೆ ಅರೆಯಬೇಕು? ಚಿನ್ನ ಕಲ್ಲೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣವಾಗಿ ಕೂತಿರುತ್ತದೆ. ಕಲ್ಲು ಹಿಟ್ಟಾದರೆ ಮಾತ್ರ ಸೈನೈಡ್ ನೀರು ಅದನ್ನು ಮುಟ್ಟುತ್ತದೆ. 1887ರಲ್ಲಿ ಗ್ಲಾಸ್ಗೋದಲ್ಲಿ ಮ್ಯಾಕ್‌ಆರ್ಥರ್ ಮತ್ತು ಫಾರೆಸ್ಟ್ ಸಹೋದರರು ಈ ವಿಧಾನಕ್ಕೆ ಪೇಟೆಂಟ್ ಪಡೆದರು. ತುಂಬಾ ತೆಳುವಾದ ಸೈನೈಡ್ ದ್ರಾವಣ, ಜೊತೆಗೆ ಗಾಳಿ, ಅಷ್ಟರಲ್ಲೇ ಚಿನ್ನ ಕರಗುತ್ತದೆ. ಆಮೇಲೆ ಸತುವಿನ ಪುಡಿ ಹಾಕಿ ಅದನ್ನು ವಾಪಸ್ ಹಿಡಿಯುತ್ತಿದ್ದರು. ಈಗ ಆ ಕೆಲಸಕ್ಕೆ ತೆಂಗಿನ ಚಿಪ್ಪಿನ ಇದ್ದಿಲು ಬಂದಿದೆ.

ಈಗ ನಿಮ್ಮ ದಿಬ್ಬಕ್ಕೆ ಬನ್ನಿ. 13 ದಿಬ್ಬ, ಸುಮಾರು 3.3 ಕೋಟಿ ಟನ್ ಹಿಟ್ಟು. ಹೆಸರಲ್ಲಿರುವ ಸೈನೈಡ್ ಬಿಸಿಲಿಗೆ, ಗಾಳಿಗೆ ಬಹಳಷ್ಟು ಒಡೆದುಹೋಗುತ್ತದೆ. ಧೂಳು ಹೋಗುವುದಿಲ್ಲ. ಬೇಸಿಗೆಯಲ್ಲಿ ಒಣಹಾಕಿದ ಬಟ್ಟೆ ಮೇಲೆ, ತಟ್ಟೆಯ ಅನ್ನದ ಮೇಲೆ ಕೂರುತ್ತದಲ್ಲ, ಅದೇ ಅರೆದ ಬಿಳಿಕಲ್ಲು. ಯಾವ ನುಣುಪು ಚಿನ್ನ ಬಿಡಿಸಿಕೊಟ್ಟಿತೋ ಅದೇ ನುಣುಪು ಶ್ವಾಸಕೋಶದೊಳಗೂ ಇಳಿಯುತ್ತದೆ. ಎಷ್ಟು ಅರೆಯಬೇಕು ಅಂತ ನಿರ್ಧರಿಸುವ ಮೇಜಿನ ಮೇಲೆಯೇ ಈ ಧೂಳಿನ ಲೆಕ್ಕವೂ ಇರಬೇಕು. ನಮ್ಮ ಪ್ರಬಂಧಗಳಲ್ಲಿ ಎಷ್ಟು ಲೋಹ ಸಿಕ್ಕಿತು ಅನ್ನುವುದು ಮೊದಲ ಪುಟದಲ್ಲಿರುತ್ತದೆ. ಬಾಲಕ್ಕೆ ಕೊನೆಗೆ ನಾಲ್ಕು ಸಾಲು. ಇದು ತಪ್ಪು. ನನ್ನ ವಿದ್ಯಾರ್ಥಿಗಳಿಗೆ ಬಾಲದ ಅಧ್ಯಾಯ ಮೊದಲು ಬರೆಯಿರಿ ಅಂತ ಹೇಳುತ್ತೇನೆ.

ದಿಬ್ಬದಲ್ಲಿ ಇನ್ನೂ ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನ ಉಂಟು. ಅದನ್ನು ತೆಗೆಯಲಿ, ಬೇಡ ಅನ್ನುವುದಿಲ್ಲ. ಆದರೆ ತೆಗೆದ ಮೇಲೆ ಆ ಹಿಟ್ಟು ಎಲ್ಲಿ ಹೋಗುತ್ತದೆ, ಮೇಲೆ ಯಾವ ಗಿಡ ಬರುತ್ತದೆ, ಅದು ಮೊದಲ ದಿನವೇ ಗೊತ್ತಿರಬೇಕು.

ಚೀಟಿ ಬಂತು, ಸಮಯ ಆಗಿದೆಯಂತೆ. ಕಬ್ಬಿಣ, ಗಂಧಕ ತಿಂದು ಚಿನ್ನ ಬಿಡಿಸಿಕೊಡುವ ಬ್ಯಾಕ್ಟೀರಿಯಾಗಳ ಬಗ್ಗೆ ಹೇಳಬೇಕಿತ್ತು. ಒಂದೇ ಮಾತು: ಅಲ್ಲೂ ಆಮ್ಲದ ನೀರು, ಆರ್ಸೆನಿಕ್ ಉಳಿಯುತ್ತದೆ. ಅಲ್ಲೂ ಬಾಲ ನೋಡಬೇಕು.

ಹೊರಗೆ ಜಗಲಿಯಲ್ಲಿ ಎರಡು ಬಕೆಟ್ ನೀರು, ನಾಲ್ಕು ಬಾಣಲೆ ಇಟ್ಟಿದ್ದೇನೆ. ಮಕ್ಕಳು ಬಂದು ಜಾಲಿಸಿ ನೋಡಿ. ಕೊನೆಗೆ ಅಂಚಲ್ಲಿ ಕಪ್ಪು ಗೆರೆ ಉಳಿದರೆ ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಅದು ಮ್ಯಾಗ್ನೆಟೈಟ್, ಒಂದು ಬಗೆಯ ಕಬ್ಬಿಣದ ಅದಿರು. ಬಾಣಲೆಯಲ್ಲಿರುವ ಮರಳು ನದಿಯಿಂದ ತಂದದ್ದು. ದಿಬ್ಬದ ಮಣ್ಣನ್ನು ಮಕ್ಕಳ ಕೈಗೆ ಕೊಡಲು ನನಗೆ ಮನಸ್ಸು ಬರಲಿಲ್ಲ.