ಸಮಜಾಯಿಷಿ ಆಮೇಲೆ ಕೊಡಿ

ರಾಯಚೂರು ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ. ರೇಡಿಯೋ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿರುವ ಅಕ್ಕಂದಿರೇ, ಅಂಗಡಿ ಬಾಗಿಲು ತೆಗೆಯುತ್ತಿರುವ ಅಣ್ಣಂದಿರೇ, ಆಪ್ತ ಸಮಾಲೋಚಕಿಯಾಗಿ ಇವತ್ತು ನಾನು ಹೇಳುವುದು ಒಂದೇ ಮಾತು. ಪಕ್ಕದ ಮನೆಯವರು "ನೀವು ಹಾಗಂದಿದ್ದು ಬೇಜಾರಾಯ್ತು" ಅಂದರೆ ಮೊದಲು ಕೇಳಿಸಿಕೊಳ್ಳಿ. ಸಮಜಾಯಿಷಿ ಆಮೇಲೆ ಕೊಡಿ.

ಯಾವ ಮಾತು ಅಂತೀರಾ? ಮುಖ, ಮೈಬಣ್ಣ, ಊರು ಹಿಡಿದು ಆಡುವ ಮಾತು. "ಇಷ್ಟು ಕಪ್ಪಗಿದ್ದರೂ ಲಕ್ಷಣವಾಗಿದ್ದಾಳೆ" ಅನ್ನುವಂಥದ್ದು. ಅದೆಲ್ಲ ಅಮೆರಿಕದಲ್ಲಿ, ನಮ್ಮಲ್ಲಿ ಎಲ್ಲಿದೆ ಅಂತ ಕೆಲವರು ನನ್ನ ಜೊತೆ ವಾದಕ್ಕೇ ನಿಲ್ಲುತ್ತಾರೆ. ಒಮ್ಮೆ ಸಿಂಧನೂರಿನ ಕಡೆ ಹೋಗಿ ಬನ್ನಿ. ತುಂಗಭದ್ರಾ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ರೈತರು ಬಂದು ಕ್ಯಾಂಪ್ ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಲಿ ಕುಟುಂಬಗಳಿಗೆ ಸರ್ಕಾರವೇ ಆರ್.ಎಚ್., ಅಂದರೆ ಪುನರ್ವಸತಿ, ಕ್ಯಾಂಪ್‌ಗಳಲ್ಲಿ ನೆಲೆ ಕೊಟ್ಟಿತು. ಅವರ ಮೊಮ್ಮಕ್ಕಳು ಇಲ್ಲೇ ಹುಟ್ಟಿದವರು, ಇಲ್ಲೇ ಕನ್ನಡ ಕಲಿತವರು. ಅಂಥ ಹುಡುಗನನ್ನು ಹಿಡಿದು "ನಿಮ್ಮ ದೇಶದ ಕಡೆ ಎಲ್ಲ ಆರಾಮಾ?" ಅಂತ ಕೇಳಿದರೆ ಅವನು ಏನು ಹೇಳಬೇಕು? ಕೇಳಿದವರಿಗೆ ಮಾತ್ರ ಅದು ಕುಶಲ ವಿಚಾರಿಸಿದ ಲೆಕ್ಕ!

ಇಲ್ಲೇ ರಾಯಚೂರಿನ ಒಂದು ಓಣಿಯಲ್ಲಿ ನಡೆದದ್ದು ಹೇಳುತ್ತೇನೆ. ಮಣಿಪುರದ ಒಬ್ಬ ನರ್ಸ್ ಅಲ್ಲಿ ಬಾಡಿಗೆಗೆ ಇದ್ದಳು. ಎದುರು ಮನೆಯಲ್ಲಿ ಒಬ್ಬ ದೊಡ್ಡಮ್ಮ. ದೊಡ್ಡಮ್ಮನ ಯಜಮಾನರಿಗೆ ಬಿಪಿ. ಹುಡುಗಿ ಡ್ಯೂಟಿ ಮುಗಿಸಿ ಬಂದವಳು ಚಪ್ಪಲಿ ಬಿಟ್ಟು ಸೀದಾ ಒಳಗೆ ಹೋಗಿ ಬಿಪಿ ನೋಡುತ್ತಿದ್ದಳು. ಅಷ್ಟು ಸಲುಗೆ. ಒಂದು ದಿನ ನಳ ಬಂದಾಗ ಓಣಿ ಹೆಂಗಸರೆಲ್ಲ ಕೊಡ ಹಿಡಿದು ನಿಂತಿದ್ದಾರೆ. ದೊಡ್ಡಮ್ಮ ಜೋರಾಗಿ, "ಏ ನೇಪಾಳಿ, ನಿನ್ನ ಕೊಡ ಸರಿಸು" ಅಂದರು. ಎಲ್ಲರೂ ನಕ್ಕರು. ಹುಡುಗಿ ತನಗೆ ಬರುವಷ್ಟು ಕನ್ನಡದಲ್ಲಿ, "ಆಂಟಿ, ನಾನು ನೇಪಾಳಿ ಅಲ್ಲ. ಹಾಗೆ ಕರೀಬೇಡಿ" ಅಂದಳು.

ಅಲ್ಲಿಗೇ "ಆಯ್ತವ್ವ" ಅಂದಿದ್ದರೆ ಮುಗೀತಿತ್ತು. ದೊಡ್ಡಮ್ಮ ಸಮಜಾಯಿಷಿಗೆ ಇಳಿದರು. "ಪ್ರೀತೀಲೆ ಅಂದೀನಿ. ನಿನ್ನ ಮಾರಿ ಹಂಗ ಐತಿ, ನಾ ಏನ್ ಮಾಡ್ಲಿ? ನೇಪಾಳದವರೇನು ಕೆಟ್ಟವರಾ?" ಒಂದೊಂದು ಮಾತಿಗೂ ಆ ಹುಡುಗಿ ಮುಖ ಸಣ್ಣದಾಗುತ್ತಾ ಹೋಯಿತು. ಅರ್ಧ ತುಂಬಿದ ಕೊಡ ಎತ್ತಿಕೊಂಡು ಹೋಗಿಬಿಟ್ಟಳು. ಬಿಪಿ ನೋಡುವುದೂ ನಿಂತಿತು.

ಮನೆ ಮಾಲೀಕರು ನನ್ನನ್ನು ಕರೆಸಿದಾಗ ದೊಡ್ಡಮ್ಮ ಹೋಳಿಗೆ ಡಬ್ಬಿ ಕಟ್ಟಿಕೊಂಡು ತಯಾರಾಗಿದ್ದರು. ಡಬ್ಬಿ ಇಲ್ಲೇ ಇರಲಿ ಅಂದೆ. ತಿನ್ನೋದು ಕೊಟ್ಟ ತಕ್ಷಣ ಎದುರಿನವರು ನಗಲೇಬೇಕು, ಮಾತು ಅಲ್ಲೇ ಮುಚ್ಚಿಹೋಗುತ್ತದೆ. "ಬರಿಗೈಲಿ ಹೋಗಿ, ನಿನಗೆ ಏನನ್ನಿಸ್ತು ಅಂತ ಕೇಳಿ, ಸುಮ್ನೆ ಕೂತ್ಕೊಳ್ಳಿ" ಅಂದೆ. ಸುಮ್ನೆ ಕೂರೋದು ಅವರಿಗೆ ಎಷ್ಟು ಕಷ್ಟ ಅಂತೀರಿ! ಎರಡು ಸಲ ಬಾಯಿ ತೆಗೆದರು, ಎರಡು ಸಲವೂ ನಾನು ಕೈ ಒತ್ತಿದೆ.

ಆಗ ಹುಡುಗಿ ಹೇಳಿದಳು. ಬಸ್‌ಸ್ಟ್ಯಾಂಡಿನಲ್ಲಿ ಕೇಳ್ತಾರೆ, ಆಟೋದವರು ಕೇಳ್ತಾರೆ, ಇಂಜೆಕ್ಷನ್ ಕೊಡೋಕೆ ಹೋದರೆ ಪೇಷಂಟ್ ಕೇಳ್ತಾನೆ, ಚೀನಾನಾ, ನೇಪಾಳಾನಾ ಅಂತ. "ಆಂಟಿ, ಅವತ್ತು ಹತ್ತು ಜನ ಕೇಳಿದ್ರು. ನೀವು ಹನ್ನೊಂದನೇಯವರು. ಆದರೆ ನಿಮ್ಮನ್ನ ನಾನು ಆ ಲೆಕ್ಕದಲ್ಲಿ ಇಟ್ಟಿರಲಿಲ್ಲ." ದೊಡ್ಡಮ್ಮ ಅಂದದ್ದು ಇಷ್ಟೇ: "ಗೊತ್ತಿದ್ದಿಲ್ಲ ಯವ್ವ."

ನೋಡಿ, ನಮಗೆ ನಮ್ಮ ಒಂದು ಮಾತು ಕಾಣುತ್ತದೆ. ಅವರಿಗೆ ಬೆಳಗ್ಗಿನಿಂದ ಕೇಳಿದ್ದೆಲ್ಲ ಒಟ್ಟಿಗೆ ಕೇಳಿಸುತ್ತದೆ. ಅದಕ್ಕೇ ಬಡ್ಕೊಳ್ತೀನಿ, ಮೊದಲು ಕೇಳಿಸಿಕೊಳ್ಳಿ ಅಂತ.

ಅಯ್ಯೋ, ಸಮಯ ಓಡಿತು. ಉಳಿದದ್ದು ಬೇಗ ಹೇಳುತ್ತೇನೆ. ಇದು ಸಣ್ಣ ವಿಷಯ ಅನ್ನುವವರಿಗೆ: 2014ರ ಜನವರಿಯಲ್ಲಿ ದೆಹಲಿಯಲ್ಲಿ ಅರುಣಾಚಲದ ನಿಡೋ ತಾನಿಯಾ ಎಂಬ ವಿದ್ಯಾರ್ಥಿಯ ಕೂದಲನ್ನು ಆಡಿಕೊಂಡರು. ಜಗಳವಾಯಿತು, ಹೊಡೆದರು, ಹುಡುಗ ಸತ್ತ. ಆಮೇಲೆ ಬೇರೆ ಊರುಗಳಲ್ಲಿರುವ ಈಶಾನ್ಯದವರ ಕಷ್ಟ ವಿಚಾರಿಸೋಕೆ ಕೇಂದ್ರ ಸರ್ಕಾರ ಬೆಜ್‌ಬರುವಾ ಸಮಿತಿ ಮಾಡಿತು. 2012ರ ಆಗಸ್ಟ್‌ನಲ್ಲಿ ನಮ್ಮ ಬೆಂಗಳೂರಿನಿಂದಲೇ, ಹಲ್ಲೆ ಮಾಡ್ತಾರಂತೆ ಅನ್ನುವ ಬರೀ ಗಾಳಿಸುದ್ದಿಗೆ ಹೆದರಿ, ಈಶಾನ್ಯದ ಸಾವಿರಾರು ಜನ ಗುವಾಹಟಿ ರೈಲು ಹತ್ತಿದರು. ಪಕ್ಕದ ಮನೆಯವರ ಜೊತೆ ಮಾತಿದ್ದಿದ್ದರೆ ಒಂದಿಷ್ಟು ಜನವಾದರೂ ಉಳಿಯುತ್ತಿದ್ದರು ಅಂತ ನನಗನ್ನಿಸುತ್ತದೆ.

ನೋವಾದವರಿಗೆ ಒಂದು ಮಾತು. ನಾಲ್ಕು ಜನರ ಮುಂದೆ ಬೇಡ, ಆಮೇಲೆ ಅವರೊಬ್ಬರನ್ನೇ ಹಿಡಿದು ಹೇಳಿ. ಜನರ ಮುಂದೆ ಯಾರೂ ಸೋಲೋದಿಲ್ಲ. ಇನ್ನು ಚಹಾದಂಗಡಿಯಲ್ಲಿ ಬೇರೆಯವರು ಇಂಥ ತಮಾಷೆ ಮಾಡುವಾಗ ಜೊತೆಗಿರುತ್ತೀರಲ್ಲ, ನೀವು ಭಾಷಣ ಮಾಡಬೇಕಾಗಿಲ್ಲ. ನಗಬೇಡಿ, ಸಾಕು. ನಮಸ್ಕಾರ.