ಚಿಪ್ ಪ್ಯಾಕೇಜಿನಲ್ಲಿ ಕರೆಂಟ್ ವಾಪಸ್ ಬರುವ ದಾರಿ

ಎಲ್ಲರಿಗೂ ನಮಸ್ಕಾರ. ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡ್ ಗುರುತು ಹಾಕೋದು ತುಂಬಾ ಸುಲಭ. ಅಲ್ಲಿ ಸೊನ್ನೆ ವೋಲ್ಟ್ ಇದೆ ಅಂತ ಒಪ್ಪಿಕೊಂಡು ಮುಂದೆ ಹೋಗುತ್ತೇವೆ. ಪ್ಯಾಕೇಜ್, ಅಂದರೆ ಚಿಪ್ ಅನ್ನು ಬೋರ್ಡಿಗೆ ಜೋಡಿಸುವ ಕವಚ, ಡಿಸೈನ್ ಮಾಡಲು ಕೂತಾಗ ಈ ನಂಬಿಕೆ ಕೈಕೊಡುತ್ತದೆ. ಹೊರಗೆ ಹೋದ ಕರೆಂಟ್ ವಾಪಸ್ ಬರಲೇಬೇಕು, ಒಳ್ಳೆಯ ದಾರಿ ನಾವು ಕೊಡದಿದ್ದರೆ ಸಿಕ್ಕಿದ ದಾರಿಯಲ್ಲಿ ಸುತ್ತಿ ಬಳಸಿ ಬರುತ್ತದೆ.

ಒಂದು ಲೆಕ್ಕ ನೋಡಿ. ಚಿಪ್ ಅನ್ನು ಪ್ಯಾಕೇಜಿಗೆ ಜೋಡಿಸುವ ಸಣ್ಣ ತಂತಿಗೆ, ಅಂದರೆ ಬಾಂಡ್ ವೈರ್‌ಗೆ, ಮಿಲಿಮೀಟರ್‌ಗೆ ಸುಮಾರು 1 ನ್ಯಾನೋಹೆನ್ರಿ ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ವಿರೋಧಿಸುವ ಗುಣ) ಇರುತ್ತದೆ. ಚಿಪ್‌ಗೆ 3 ಮಿ.ಮೀ. ಉದ್ದದ ಒಂದೇ ಗ್ರೌಂಡ್ ವೈರ್ ಇದೆ ಅಂದುಕೊಳ್ಳಿ. 8 ಔಟ್‌ಪುಟ್‌ಗಳು ಒಟ್ಟಿಗೆ ಸ್ವಿಚ್ ಆಗಿ, ಒಂದೊಂದರ ಕರೆಂಟೂ 1 ನ್ಯಾನೋಸೆಕೆಂಡಿನಲ್ಲಿ 20 ಮಿಲಿಆಂಪ್ ಬದಲಾದರೆ ಒಟ್ಟು 160 ಮಿಲಿಆಂಪ್. ನ್ಯಾನೋಸೆಕೆಂಡಿಗೆ ಇಷ್ಟಾಗುವ ಬದಲಾವಣೆಯನ್ನು 3 ನ್ಯಾನೋಹೆನ್ರಿ ಇಂಡಕ್ಟೆನ್ಸ್‌ನಿಂದ ಗುಣಿಸಿದರೆ 0.48 ವೋಲ್ಟ್! 1.8 ವೋಲ್ಟ್‌ನಲ್ಲಿ ಓಡುವ ಚಿಪ್‌ಗೆ ಇದು ಕಾಲು ಭಾಗಕ್ಕಿಂತ ಜಾಸ್ತಿ. ಲೋ ಆಗಿ (ಸೊನ್ನೆ ಹಂತದಲ್ಲಿ) ಸುಮ್ನೆ ಇದ್ದ ಒಂಬತ್ತನೇ ಔಟ್‌ಪುಟ್ ಕೂಡ ಇದರ ಜೊತೆ ಮೇಲೆ ಹಾರುತ್ತದೆ. ಇದೇ ಗ್ರೌಂಡ್ ಬೌನ್ಸ್.

ಇನ್ನೂ ನಾಲ್ಕು ವೈರ್ ಹಾಕಿದರೆ ಆಯ್ತು ಅಲ್ವಾ? ಪೂರ್ತಿ ಆಗಲ್ಲ. ಒಂದೇ ದಿಕ್ಕಿಗೆ ಕರೆಂಟ್ ಹರಿಯುವ ವೈರ್‌ಗಳು ಒತ್ತೊತ್ತಾಗಿದ್ದರೆ ಅವುಗಳ ಮ್ಯಾಗ್ನೆಟಿಕ್ ಫೀಲ್ಡ್‌ಗಳು ಒಂದಕ್ಕೊಂದು ಸೇರುತ್ತವೆ, ಲೆಕ್ಕದ ಪ್ರಕಾರ ಇಳಿಯಬೇಕಾದಷ್ಟು ಇಂಡಕ್ಟೆನ್ಸ್ ಇಳಿಯೋದಿಲ್ಲ. ಪವರ್ ಮತ್ತು ಗ್ರೌಂಡ್ ವೈರ್‌ಗಳನ್ನು ಒಂದರ ಪಕ್ಕ ಒಂದು ಇಟ್ಟರೆ ಲಾಭ ಜಾಸ್ತಿ, ಯಾಕೆಂದರೆ ಅವುಗಳ ಕರೆಂಟ್ ವಿರುದ್ಧ ದಿಕ್ಕಿನದು. ಕ್ಯೂಎಫ್‌ಎನ್ ಅನ್ನುವ, ಹೊರಗೆ ಚಾಚಿದ ಕಾಲುಗಳಿಲ್ಲದ ಚಪ್ಪಟೆ ಪ್ಯಾಕೇಜಿನಲ್ಲಿ ಇನ್ನೂ ಒಂದು ಅನುಕೂಲ ಇದೆ: ಚಿಪ್‌ನಿಂದ ನೇರವಾಗಿ ಕೆಳಗಿನ ಲೋಹದ ಪ್ಯಾಡ್‌ಗೆ ಗಿಡ್ಡ ವೈರ್ ಇಳಿಸಬಹುದು.

ತಳದಲ್ಲಿ ಬೆಸುಗೆ ಗುಂಡುಗಳಿರುವ ಬಿಜಿಎ ಪ್ಯಾಕೇಜಿನ ಸಬ್‌ಸ್ಟ್ರೇಟ್‌ಗೆ (ಚಿಪ್ ಕೂರುವ ಪದರಗಳ ಹಲಗೆಗೆ) ಬಂದರೆ ಗ್ರೌಂಡ್‌ಗೆ ಅಂತಲೇ ಒಂದು ತಾಮ್ರದ ಪದರ ಸಿಗುತ್ತದೆ. ಕಡಿಮೆ ಫ್ರೀಕ್ವೆನ್ಸಿಯಲ್ಲಿ ವಾಪಸ್ ಕರೆಂಟ್ ಆ ಪದರದಲ್ಲಿ ಅಗಲವಾಗಿ ಹರಡಿಕೊಳ್ಳುತ್ತದೆ. ಫ್ರೀಕ್ವೆನ್ಸಿ ಏರಿದಂತೆ ಸಿಗ್ನಲ್ ಗೆರೆಯ ಅಡಿಗೇ ಬಂದು ಅಂಟಿಕೊಳ್ಳುತ್ತದೆ, ಏಕೆಂದರೆ ಅಲ್ಲಿ ಲೂಪ್ (ಕರೆಂಟ್ ಹೋಗಿ ಬರುವ ಸುತ್ತು) ಚಿಕ್ಕದು, ಇಂಡಕ್ಟೆನ್ಸ್ ಕಡಿಮೆ. 1 ಗಿಗಾಹರ್ಟ್ಸ್‌ನಲ್ಲಿ ಕರೆಂಟ್ ತಾಮ್ರದೊಳಗೆ ಇಳಿಯುವ ಆಳ ಸುಮಾರು 2 ಮೈಕ್ರಾನ್ ಮಾತ್ರ. ಹಾಗಾಗಿ ತಾಮ್ರ ಎಷ್ಟು ದಪ್ಪ ಅನ್ನುವುದಕ್ಕಿಂತ ಗೆರೆಯ ಅಡಿಯಲ್ಲಿ ತಾಮ್ರ ಇದೆಯಾ ಅನ್ನುವುದೇ ಮುಖ್ಯ.

ತೊಂದರೆ ಶುರುವಾಗೋದು ತೂತುಗಳಿಂದ. ಗ್ರೌಂಡ್ ಪದರದ ಮೂಲಕ ಹಾಯುವ ಪ್ರತಿಯೊಂದು ಸಿಗ್ನಲ್ ವಯಾಗೂ (ಒಂದು ಪದರವನ್ನು ಇನ್ನೊಂದಕ್ಕೆ ಜೋಡಿಸುವ ಲೋಹ ಲೇಪಿತ ತೂತಿಗೂ) ಸುತ್ತ ತಾಮ್ರ ತೆಗೆದು ಜಾಗ ಬಿಡಬೇಕು. ವಯಾಗಳನ್ನು ಒಂದೇ ಸಾಲಿನಲ್ಲಿ ಒತ್ತಾಗಿ ಇಟ್ಟರೆ ಈ ಜಾಗಗಳು ಕೂಡಿಕೊಂಡು ಉದ್ದನೆಯ ಸೀಳು ಆಗಿಬಿಡುತ್ತವೆ. ಯಾರೂ ಬೇಕಂತ ಸೀಳು ಹಾಕಿರೋದಿಲ್ಲ, ಆದರೂ ವಾಪಸ್ ಕರೆಂಟ್ ಅದನ್ನು ಸುತ್ತಿಕೊಂಡು ಹೋಗಬೇಕು, ಲೂಪ್ ದೊಡ್ಡದಾಗುತ್ತದೆ, ಆ ಸೀಳು ದಾಟುವ ಗೆರೆಗಳೆಲ್ಲ ಒಂದಕ್ಕೊಂದು ಗಲಾಟೆ ಹಂಚುತ್ತವೆ. ಸಾಲಿನ ಮಧ್ಯೆ ಅಲ್ಲಲ್ಲಿ ತಾಮ್ರದ ಪಟ್ಟಿ ಉಳಿಯುವಂತೆ ವಯಾಗಳನ್ನು ಸ್ವಲ್ಪ ಸರಿಸಿದರೆ ಸಾಕು. ಸಿಗ್ನಲ್ ಬೇರೆ ಪದರಕ್ಕೆ ಇಳಿದು ಅದರ ಆಧಾರದ ಗ್ರೌಂಡ್ ಪದರವೂ ಬದಲಾದರೆ, ಪಕ್ಕದಲ್ಲೇ ಒಂದು ಗ್ರೌಂಡ್ ವಯಾ ಕೊಡಿ.

ಅನಲಾಗ್‌ಗೆ ಬೇರೆ, ಡಿಜಿಟಲ್‌ಗೆ ಬೇರೆ ಅಂತ ಗ್ರೌಂಡ್ ಕತ್ತರಿಸುವ ಅಭ್ಯಾಸದ ಬಗ್ಗೆ ನನಗೆ ಸ್ವಲ್ಪ ಅನುಮಾನವೇ. ಕೆಲವು ಚಿಪ್‌ಗಳಿಗೆ ಅದು ಬೇಕೇ ಬೇಕು. ಆದರೆ ಕತ್ತರಿಸಿದ ಮೇಲೆ ಆ ಗಡಿ ದಾಟಿ ಒಂದೇ ಒಂದು ವೇಗದ ಗೆರೆ ಹೋದರೂ ಮಾಡಿದ್ದೆಲ್ಲ ದಂಡ. ಕತ್ತರಿಸುವ ಮೊದಲು ಸಿಗ್ನಲ್ ಪದರವನ್ನು ಗ್ರೌಂಡ್ ಪದರದ ಮೇಲೆ ಇಟ್ಟು, ಪ್ರತಿ ಗೆರೆಯ ವಾಪಸ್ ದಾರಿಯನ್ನು ಬೆರಳಿಟ್ಟು ಹುಡುಕಿ.