ವಿಜಯಪುರದ ಮೇ ತಿಂಗಳು: ಒಂದೇ ಹಾಳೆ, ಮೂರು ಲೆಕ್ಕ

ನಮಸ್ಕಾರ ರೀ. ವಿಜಯಪುರದ ಮೇ ತಿಂಗಳು ತೋರಿಸಿ ಅಂತ ತುಂಬಾ ಜನ ಕೇಳಿದ್ದಿರಿ. ಬಿಸಿಲು, ಕಬ್ಬಿನ ಹಾಲು, ಖಾಲಿ ರಸ್ತೆ ಎಲ್ಲ ಆಮೇಲೆ. ಮೊದಲು ನಮ್ಮ ಪಡಸಾಲೆ ಗೋಡೆಯ ಈ ಕ್ಯಾಲೆಂಡರ್ ನೋಡಿ.

ದೊಡ್ಡ ಅಂಕಿ ಇಂಗ್ಲಿಷ್ ತಾರೀಖು. ಅದರ ಕೆಳಗೆ ತಿಥಿ. ಅದರ ಪಕ್ಕ, ಕನ್ನಡಕ ಹಾಕಿಕೊಂಡೇ ಓದಬೇಕಾದಷ್ಟು ಸಣ್ಣ ಅಕ್ಷರದಲ್ಲಿ ಮಳೆ ನಕ್ಷತ್ರ. ಸಂಬಳ, ಶಾಲೆ ರಜೆ, ಕರೆಂಟ್ ಬಿಲ್ ಎಲ್ಲ ತಾರೀಖಿನ ಲೆಕ್ಕ. ಹಬ್ಬ ತಿಥಿಯ ಲೆಕ್ಕ. ಹೊಲ ಮಾತ್ರ ಆ ಸಣ್ಣ ಅಕ್ಷರದ ಮಾತು ಕೇಳುತ್ತದೆ.

ಬಸವ ಜಯಂತಿ ಮೇ ತಿಂಗಳಲ್ಲೇ ಬರೋದು ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. 2024ರಲ್ಲಿ ಮೇ 10ಕ್ಕೆ ಬಂತು, ನಿಜ. 2025ರಲ್ಲಿ ಏಪ್ರಿಲ್ 30ಕ್ಕೇ ಮುಗಿದು ಹೋಯಿತು. ಅದು ವೈಶಾಖ ಶುದ್ಧ ತದಿಗೆಯ ಹಬ್ಬ, ಅಕ್ಷಯ ತೃತೀಯದ ದಿನವೇ. ಚಂದ್ರನ ಹನ್ನೆರಡು ತಿಂಗಳು ಕೂಡಿಸಿದರೆ 354 ದಿನ. ಸೂರ್ಯನ ವರ್ಷಕ್ಕೆ ಹನ್ನೊಂದು ದಿನ ಕಡಿಮೆ. ಹಾಗಾಗಿ ಹಬ್ಬ ಪ್ರತಿ ವರ್ಷ ಹಿಂದೆ ಸರಿಯುತ್ತದೆ. ಜಾಸ್ತಿ ಸರಿದಾಗ ಒಂದು ಅಧಿಕ ಮಾಸ ಸೇರಿಸಿ ಸರಿಮಾಡುತ್ತಾರೆ.

ಬಸವಣ್ಣನವರು ಹುಟ್ಟಿದ ಬಸವನ ಬಾಗೇವಾಡಿ ನಮ್ಮ ಜಿಲ್ಲೆಯದ್ದೇ. ಆ ದಿನ ಹಳ್ಳಿಗಳಲ್ಲಿ ಎತ್ತುಗಳಿಗೆ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಜೂಲ ಹೊದಿಸಿ ಮೆರವಣಿಗೆ ಮಾಡುತ್ತಾರೆ. ಈಗ ಎತ್ತು ಕಡಿಮೆ, ಟ್ರ್ಯಾಕ್ಟರ್ ಜಾಸ್ತಿ. ಟ್ರ್ಯಾಕ್ಟರ್‌ಗೂ ಹಾರ ಬೀಳುತ್ತದೆ ಬಿಡಿ.

ಈಗ ಆ ಸಣ್ಣ ಅಕ್ಷರಕ್ಕೆ ಬರೋಣ. ನಕ್ಷತ್ರ ಇಪ್ಪತ್ತೇಳು. ಸೂರ್ಯ ಒಂದೊಂದರಲ್ಲಿ 13-14 ದಿನ ಇರುತ್ತಾನೆ, ಆ ನಕ್ಷತ್ರದ ಹೆಸರೇ ಆಗಿನ ಮಳೆಗೆ. ಮೇ 10ರ ಸುಮಾರಿಗೆ ಭರಣಿ ಮುಗಿಯುತ್ತದೆ, 11ರಿಂದ ಕೃತ್ತಿಕಾ, 25ರ ಹೊತ್ತಿಗೆ ರೋಹಿಣಿ. ಇದು ಸೂರ್ಯನ ಲೆಕ್ಕ. ಹಾಗಾಗಿ ಹಬ್ಬ ಎಲ್ಲಿಗೆ ಸರಿದರೂ ರೋಹಿಣಿ ಮಳೆ ವರ್ಷಾ ಅದೇ ತಾರೀಖಿನ ಆಸುಪಾಸಿನಲ್ಲಿ ಹುಟ್ಟುತ್ತದೆ. ರೈತರು ಬಿತ್ತನೆಗೆ ಹಬ್ಬದ ತಿಥಿ ಹಿಡಿಯದೆ ಮಳೆ ಹಿಡಿದಿದ್ದು ಸುಮ್ನೆ ಅಲ್ಲ.

ಪಂಚಾಂಗದಲ್ಲಿ ಮಳೆಗೊಂದು ವಾಹನವೂ ಇರುತ್ತದೆ. ಕಪ್ಪೆ, ಎಮ್ಮೆ, ಆನೆ ಬಂದರೆ ಕಟ್ಟೆ ಮೇಲೆ ಕೂತವರ ಮುಖ ಅರಳುತ್ತದೆ. ಕತ್ತೆ ಬಂದರೆ ಪಂಚಾಂಗ ಬರೆದವರಿಗೇ ಬೈಗುಳ! ವಾಹನ ನೋಡಿ ಬೀಜ ತರೋದನ್ನ ನಾನಂತೂ ನಂಬಲ್ಲ. ಮಳೆಯ ತಾರೀಖು ಬೇರೆ ವಿಷಯ, ಅದರಲ್ಲಿ ಅನುಭವ ಇದೆ.

'ರೋಹಿಣಿ ಮಳೆಗೆ ಓಣಿಯೆಲ್ಲ ಜೋಳ' ಅನ್ನೋ ಗಾದೆ ಕೇಳಿರುತ್ತೀರಿ. ಅದು ಮುಂಗಾರಿ ಜೋಳದ ಸೀಮೆಗೆ ಸರಿ. ನಮ್ಮ ಬಿಳಿಜೋಳ ಹಿಂಗಾರಿ ಬೆಳೆ, ಬಿತ್ತೋದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ರೋಹಿಣಿ ಚೆನ್ನಾಗಿ ಆದರೆ ಇಲ್ಲಿ ಹೆಸರು, ತೊಗರಿಯ ಮಾತು ಶುರುವಾಗುತ್ತದೆ. ನಮ್ಮ ಜೋಳಕ್ಕೆ ಬೇರೆ ಗಾದೆ ಇದೆ: 'ಡೋಣಿ ಹರಿದರೆ ಓಣೆಲ್ಲ ಜೋಳ.'

ಡೋಣಿ ಅಂದರೆ ನಮ್ಮ ಜಿಲ್ಲೆಯ ಹೊಳೆ. ಇದೇ ನೋಡಿ ಅದರ ದಂಡೆಯ ಎರಿ ಹೊಲ, ಅಂದರೆ ಕಪ್ಪು ಮಣ್ಣಿನ ಹೊಲ. ಮೊಬೈಲ್ ನೆಲಕ್ಕಿಟ್ಟು ತೆಗೆದ ಶಾಟ್ ಇದು. ಈ ಬಿರುಕಿನಲ್ಲಿ ಬಾರುಕೋಲು ಬಿಟ್ಟರೆ ಅರ್ಧಕ್ಕೂ ಜಾಸ್ತಿ ಇಳಿಯಿತು. ಕೈ ಹಾಕೋಕೆ ಹೋಗಬೇಡಿ, ಒಳಗೆ ಚೇಳು ಇರುತ್ತವೆ. ಎರಿ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮೇಲಿನ ಪುಡಿ ಮಣ್ಣು ಬಿರುಕಿಗೆ ಬೀಳುತ್ತದೆ. ಮಳೆಗೆ ಕೆಳಗಿನ ಮಣ್ಣು ಉಬ್ಬಿ ಮೇಲಕ್ಕೆ ಒತ್ತುತ್ತದೆ. ವರ್ಷಾ ವರ್ಷಾ ತನ್ನನ್ನ ತಾನೇ ಮಗುಚಿಕೊಳ್ಳೋ ಭೂಮಿ ಇದು. ಮೊದಲ ದೊಡ್ಡ ಮಳೆಯ ನೀರು ಈ ಬಿರುಕುಗಳಲ್ಲೇ ಆಳಕ್ಕೆ ಇಳಿಯುತ್ತದೆ. ಹಾಗಾಗಿ ಮೇ ಬಿಸಿಲಿಗೆ ಹೊಲ ಬಿರಿಯದಿದ್ದರೆ ಹಿರಿಯರಿಗೆ ಸಮಾಧಾನ ಇಲ್ಲ.

ಬಿಸಿಲು ಅಂದೆ ಅಲ್ವಾ, ಅದರಲ್ಲೂ ಒಂದು ತಮಾಷೆ ಇದೆ. ಮೇ 7ರ ಆಸುಪಾಸಿನಲ್ಲಿ ಮಧ್ಯಾಹ್ನ ಸುಮಾರು 12 ಗಂಟೆ 24 ನಿಮಿಷಕ್ಕೆ ಮಾಳಿಗೆ ಹತ್ತಿ. ನೆಟ್ಟಗಿನ ಸ್ಟೀಲ್ ಲೋಟ ಒಂದನ್ನ ಬೋರಲು ಹಾಕಿ. ಇಲ್ಲಿ ನೋಡಿ, ಲೋಟದ ಸುತ್ತ ಎಲ್ಲೂ ನೆರಳಿಲ್ಲ. ಸೂರ್ಯ ಸರಿಯಾಗಿ ನೆತ್ತಿ ಮೇಲೆ. ಇದಕ್ಕೆ ಶೂನ್ಯ ನೆರಳಿನ ದಿನ ಅಂತಾರೆ. ವರ್ಷಕ್ಕೆ ಎರಡು ಸಲ ಬರುತ್ತದೆ. ಎರಡನೆಯದು ಆಗಸ್ಟ್ ಮೊದಲ ವಾರದಲ್ಲಿ, ಆಗ ಮೋಡ ಬಿಡಬೇಕಲ್ಲ! ಮೇ ತಿಂಗಳದ್ದು ಬೆಳಗಾವಿಯವರಿಗೆ ಮೂರ್ನಾಲ್ಕು ದಿನ ಮುಂಚೆಯೇ ಸಿಗುತ್ತದೆ, ನಮಗಿಂತ ದಕ್ಷಿಣಕ್ಕಿದ್ದಾರೆ. ದಿಲ್ಲಿಯವರಿಗೆ ಯಾವತ್ತೂ ಇಲ್ಲ. ಚಪ್ಪಲಿ ಮಾತ್ರ ಹಾಕಿಕೊಂಡು ಹತ್ತಿ.

ಈ ಬಿಸಿಲನ್ನ ಬೈಯದೇ ಇರೋರು ಯಾರಾದರೂ ಇದ್ದರೆ ಅದು ಶಾವಿಗೆ ಮಾಡೋ ಹೆಂಗಸರು. ಇವರು ನಮ್ಮ ದೊಡ್ಡವ್ವ. ಶಾವಿಗೆ ಮಣೆಯ ಒಂದು ತುದಿಗೆ ಕೂತಿದ್ದಾರೆ. ಅಂಗೈ ಕೆಳಗೆ ಕಣಕ, ಹೊಸೆದಂಗೆಲ್ಲ ಎಳೆ ಕೆಳಗೆ ಇಳಿಯುತ್ತದೆ. ಕೆಳಗೆ ಚಿಗವ್ವ ಅದನ್ನ ಹಿಡಿದು ಕೋಲಿಗೆ ಹಾಕುತ್ತಾರೆ. ಎಳೆ ಹರಿಯದಂಗೆ ಇಬ್ಬರ ಕೈಯೂ ಒಂದೇ ಸಮ ಹೋಗಬೇಕು. ನಾನು ಸುಮ್ನೆ ಶೂಟ್ ಮಾಡುತ್ತಾ ನಿಂತಿದ್ದೆ.

"ಏ ತಮ್ಮಾ, ಅದನ್ನೇನ್ ಹಿಡಕೊಂಡ್ ನಿಂತೀ? ಈ ಕೋಲು ತಗೊಂಡ್ ಹೋಗಿ ಬಿಸಲಾಗ ಇಡು."

"ಬಂದೆ ದೊಡ್ಡವ್ವಾ."

ಒಂದು ದಿನದ ಬಿಸಿಲಿಗೆ ಕಡ್ಡಿಯಾಗಿ ಒಣಗುತ್ತದೆ. ಮಳೆಗಾಲದ ಹಸಿ ಗಾಳಿಯಲ್ಲಿ ಈ ಕೆಲಸ ಆಗಲ್ಲ, ಬೂಸ್ಟು ಬರುತ್ತದೆ. ಹಪ್ಪಳ, ಸಂಡಿಗೆ, ವರ್ಷದ ಖಾರದಪುಡಿ ಎಲ್ಲ ಇದೇ ತಿಂಗಳು ಮುಗಿಯಬೇಕು. ಈಗ ಬಹಳ ಮನೆಗಳಲ್ಲಿ ಶಾವಿಗೆ ಮಷಿನ್ ಬಂದಿದೆ. ಕೆಲಸ ಬೇಗ ಆಗುತ್ತದೆ, ಆದರೆ ಆ ಕೂದಲೆಳೆಯಷ್ಟು ಸಣ್ಣ ಶಾವಿಗೆ ಮಷಿನ್‌ನಲ್ಲಿ ಬರಲ್ಲ. ದೊಡ್ಡವ್ವನ ಮುಂದೆ ಮಷಿನ್ ಹೆಸರು ಎತ್ತಬೇಡಿ.

ಮಧ್ಯಾಹ್ನ ಊಟಕ್ಕೆ ರೊಟ್ಟಿ, ಮಾವಿನಕಾಯಿ ಚಟ್ನಿ, ಶೇಂಗಾ ಹಿಂಡಿ, ತಂಬಿಗೆ ತುಂಬ ಮಜ್ಜಿಗೆ. ಮನೆಗೆ ಬೀಗರು ಬಂದರೆ ಸೀಕರಣೆ.

ಇನ್ನೊಂದು ಕೆಲಸ ಕೃತ್ತಿಕಾ ಮುಗಿಯೋದರೊಳಗೆ ಆಗಲೇಬೇಕು. ಮಣ್ಣಿನ ಮಾಳಿಗೆ ಇರೋ ಮನೆಗಳಿಗೆ ಹೊಸ ಮಣ್ಣು ಹಾಕೋದು. ಇದಕ್ಕೆ ಸವಳು ಮಣ್ಣೇ ಬೇಕು. ಮಳೆ ನೀರು ಬಿದ್ದ ಕೂಡಲೇ ಅದರ ಜೇಡಿ ಕರಗಿ ಸಂದೆಲ್ಲ ಮುಚ್ಚಿಕೊಳ್ಳುತ್ತದೆ, ಸೋರಲ್ಲ. ಉಪ್ಪಿನ ಮಣ್ಣಾದ್ದರಿಂದ ಹುಲ್ಲೂ ಅಷ್ಟಾಗಿ ಬೆಳೆಯಲ್ಲ. ಹೊಲಕ್ಕೆ ಬೇಡವಾದ ಮಣ್ಣು ಮನೆ ಕಾಯುತ್ತದೆ. ಈ ಓಣಿಯಲ್ಲಿ ಈಗ ಆರ್‌ಸಿಸಿ ಮನೆಗಳೇ ಜಾಸ್ತಿ. ಆದರೂ ಬೇಸಿಗೆಯಲ್ಲಿ ಒಳಗೆ ಯಾವುದು ತಂಪು ಅಂತ ಮಧ್ಯಾಹ್ನ ಎರಡೂ ಮನೆಯಲ್ಲಿ ಕೂತವರನ್ನ ಕೇಳಿ.

ಕಾರ ಹುಣ್ಣಿಮೆ ಯಾವಾಗ ಅಂತ ಕೇಳೋರಿಗೆ: ಅದು ಜ್ಯೇಷ್ಠದ ಹುಣ್ಣಿಮೆ, ಮತ್ತೆ ಚಂದ್ರನ ಲೆಕ್ಕ. 2026ರಲ್ಲಿ ಅಧಿಕ ಜ್ಯೇಷ್ಠ ಮಾಸ ಮೇ 17ರಿಂದ ಜೂನ್ 15ರವರೆಗೆ ಇರೋದರಿಂದ ಹಬ್ಬ ಜೂನ್ ಕೊನೆಗೆ ಹೋಗಿದೆ. 'ಕಾರ ಹುಣ್ಣಿವಿ ಕರಕೊಂಡ್ ಬಂತು, ಹೋಳಿ ಹುಣ್ಣಿವಿ ಹೊಡಕೊಂಡ್ ಹೋತು' ಅಂತಾರಲ್ಲ, ವರ್ಷದ ಹಬ್ಬಗಳ ಸಾಲು ಅಲ್ಲಿಂದ ಶುರು. ಎತ್ತುಗಳು ಓಡಿ ಕರಿ (ಅಡ್ಡ ಕಟ್ಟಿದ ತೋರಣ) ಹರಿಯೋದನ್ನ ಬೇರೆ ವಿಡಿಯೋ ಮಾಡುತ್ತೇನೆ. ನಿಮ್ಮ ಊರಲ್ಲಿ ಮೊದಲು ಬಿಳಿ ಎತ್ತು ದಾಟಿದರೆ ಯಾವ ಬೆಳೆ ಅಂತ ಹೇಳುತ್ತಾರೆ, ಕೆಳಗೆ ಬರೆಯಿರಿ.